ಒಣಗಿಸುವ ಹಕ್ಕು

ಸಾಮಾನು ನೋಡಿ ದರ ಹೇಳಲು ಬಂದಿದ್ದ ಪ್ಯಾಕರ್ಸ್ ಅಂಡ್ ಮೂವರ್ಸ್ ಹುಡುಗ ಮಂಚ, ಫ್ರಿಜ್, ವಾಷಿಂಗ್ ಮಷೀನ್, ಪುಸ್ತಕದ ಹನ್ನೊಂದು ಡಬ್ಬ ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಳ್ಳುತ್ತ ಬಾಲ್ಕನಿಯವರೆಗೆ ಬಂದವನು ಅಲ್ಲಿ ನಿಂತುಬಿಟ್ಟ. ಗಿಡ ನಾವು ಒಯ್ಯುವುದಿಲ್ಲ ಸರ್, ಎಂದ. ಪುಣೆಯಿಂದ ದಿಲ್ಲಿಗೆ ಹೆಚ್ಚುಕಡಿಮೆ 1,400 ಕಿಲೋಮೀಟರ್, ಮುಚ್ಚಿದ ಲಾರಿ, ನಾಲ್ಕೈದು ದಿನ, ಅದೂ ಏಪ್ರಿಲ್ ಕೊನೆಯ ಬಿಸಿಲು. ಒಯ್ದರೂ ಬದುಕುವ ಗ್ಯಾರಂಟಿ ಇಲ್ಲ. ‘ಅಲ್ಲಿ ಹೋಗಿ ಹೊಸತು ತಗೊಳ್ಳಿ, ಇನ್ನೂರು ಮುನ್ನೂರಕ್ಕೆ ಸಿಗ್ತದೆ’ ಎಂದು ಸಮಾಧಾನವನ್ನೂ ಹೇಳಿದ.

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೂ ಅವನು ಹೋದ ಮೇಲೆ ಬಾಲ್ಕನಿಯ ಹೊಸ್ತಿಲಲ್ಲಿ ಕೂತು ಬಹಳ ಹೊತ್ತು ಆ ನಾಲ್ಕು ಕುಂಡಗಳನ್ನೇ ನೋಡಿದೆ. ನಾಲ್ಕೂ ಪಾಮ್. ಮೂರು ನಾಲ್ಕು ವರ್ಷಕ್ಕೊಮ್ಮೆ ಊರು ಬದಲಿಸುವ ನಮ್ಮಂಥವರಿಗೆ ಬಿಟ್ಟುಹೋಗುವ ಸಾಮಾನುಗಳ ಪಟ್ಟಿಯೊಂದು ಇದ್ದೇ ಇರುತ್ತದೆ. ಪರದೆಯ ಸರಳು, ಬಾತ್‌ರೂಮಿನ ಸ್ಟೂಲು, ಅರ್ಧ ಮುಗಿದ ಫಿನಾಯಿಲ್ ಡಬ್ಬಿ. ಕುಂಡದ ಗಿಡವೂ ಆ ಪಟ್ಟಿಗೆ ಸೇರುತ್ತದೆಯೇ? ದುಡ್ಡು ಕೊಟ್ಟು ಕೊಂಡ ಗಿಡಕ್ಕೆ ನಾನು ಇನ್ನೂ ಏನಾದರೂ ಬಾಕಿ ಇಟ್ಟುಕೊಂಡಿದ್ದೇನೆಯೇ? ಇದ್ದರೆ ಎಷ್ಟು?

ಪ್ರಶ್ನೆ ನನಗೆ ಹೊಸತಲ್ಲ. ಒಮ್ಮೆ ಇದಕ್ಕೆ ತಪ್ಪು ಉತ್ತರ ಕೊಟ್ಟಾಗಿದೆ.

ಮೊದಲ ನೌಕರಿ ಹೈದರಾಬಾದಿನಲ್ಲಿ. ಬಾಡಿಗೆ ಮನೆಗೆ ಮೊದಲು ತಂದ ಜೀವ ಒಂದು ಅರೆಕಾ ಪಾಮ್. ಸಿದ್ದಾಪುರದ ಕಡೆಯ ಅಡಕೆ ತೋಟದವನು ನಾನು. ನರ್ಸರಿಯ ಸಾಲಿನಲ್ಲಿ ಆ ಹೆಸರು ಓದಿ ಮನಸ್ಸು ಜಾರಿತು. ಸಂಜೆ ವಿಡಿಯೊ ಕಾಲಿನಲ್ಲಿ ತೋರಿಸಿದಾಗ ಆಯಿ ಕನ್ನಡಕ ಸರಿಮಾಡಿಕೊಂಡು ನೋಡಿ, ‘ದುಡ್ಡು ಕೊಟ್ಟು ತಂದ್ಯ? ಇದು ಅಡಕೆ ಅಲ್ದ ಮಾರಾಯ’ ಎಂದು ನಕ್ಕಳು. ಅವಳು ಹೇಳಿದ್ದು ಸರಿ. ನರ್ಸರಿಯವರು ಅರೆಕಾ ಎಂದು ಮಾರುವ ಗಿಡಕ್ಕೂ ನಮ್ಮ ಅಡಕೆಗೂ ಕುಲವೇ ಬೇರೆ. ಅದರ ಊರು ಪೂರ್ವ ಮಡಗಾಸ್ಕರ್. ಅಡಕೆ ಒಂಟಿ ಕಾಂಡದ ಮರ. ಇದು ಬುಡದಿಂದ ಹತ್ತಾರು ಕಾಂಡ ಎಬ್ಬಿಸಿಕೊಂಡು ಪೊದೆಯಾಗುವ ಜಾತಿ. ಹೆಸರು ಅಡಕೆಯದು, ಬೇರು ಬೇರೆಲ್ಲಿಯದೋ. ಪರವಾಗಿಲ್ಲ ಅನಿಸಿತು, ನನ್ನ ಐಡಿ ಕಾರ್ಡಿನ ವಿಳಾಸವೂ ಆಗ ಹಾಗೇ ಇತ್ತು.

ನಾಲ್ಕು ವರ್ಷ ಚೆನ್ನಾಗಿಯೇ ಬೆಳೆಯಿತು. ಪುಣೆಗೆ ವರ್ಗವಾದಾಗ ವಾಚ್‌ಮನ್ ಕೈಗೆ ಐನೂರರ ನೋಟು ಕೊಟ್ಟು, ಮನೆಗೆ ಹೊಸಬರು ಬರುವವರೆಗೆ ವಾರಕ್ಕೆರಡು ಸಲ ನೀರು ಹಾಕಪ್ಪಾ ಎಂದು ಹೇಳಿ ರೈಲು ಹತ್ತಿದೆ. ಅಡ್ವಾನ್ಸ್ ಹಣದ ತಕರಾರು ಮುಗಿಸಲು ಮೂರು ತಿಂಗಳ ಮೇಲೆ ಹೋದರೆ ಆ ವಾಚ್‌ಮನ್ ಕೆಲಸ ಬಿಟ್ಟು ಊರಿಗೆ ಹೋಗಿಯಾಗಿತ್ತು. ಮನೆ ಖಾಲಿಯೇ ಇತ್ತು. ಬಾಲ್ಕನಿಯ ಬಾಗಿಲು ತೆಗೆದೆ. ಒಣಗಿದ ಪಾಮ್ ಬೀಳುವುದಿಲ್ಲ. ಇದ್ದ ಭಂಗಿಯಲ್ಲೇ, ಗರಿಗಳನ್ನು ಚಾಚಿಕೊಂಡು, ಬಣ್ಣ ಮಾತ್ರ ಕಳೆದುಕೊಂಡು ನಿಂತಿರುತ್ತದೆ. ಮುಟ್ಟಿದರೆ ಕಾಗದದ ಸದ್ದು.

ಅದನ್ನು ಆಯಿಗೆ ಹೇಳಿದೆ. ಅವಳು ಬಯ್ಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೆಳೆಸ್ದವಂಗೆ ಕಡಿಯಲೆ ಹಕ್ಕಿದ್ದು ತಮಾ. ಒಣಗ್ಸಲೆ ಹಕ್ಕಿಲ್ಲೆ’ ಎಂದಳು. ಅಷ್ಟು ಹೇಳಿ ಕೊಟ್ಟಿಗೆಯ ಕಡೆ ಹೋದಳು. ನಾನು ಅಂದಿನಿಂದ ಆ ಮಾತಿನೊಂದಿಗೆ ಜಗಳವಾಡುತ್ತಲೇ ಇದ್ದೇನೆ.

ಮೇಲುನೋಟಕ್ಕೆ ಅದು ತಲೆಕೆಳಗಾದ ನ್ಯಾಯ. ಕಡಿಯುವವನ ಕೈ ಕೆಲಸ ಮಾಡಿದೆ, ಕೊಲ್ಲಬೇಕೆಂದೇ ಕೊಂದಿದ್ದಾನೆ. ಒಣಗಿಸಿದವನು ಏನೂ ಮಾಡಿಲ್ಲ. ನಮ್ಮ ಕಾನೂನು, ನಮ್ಮ ಆತ್ಮಸಾಕ್ಷಿ ಎರಡೂ ಸಾಮಾನ್ಯವಾಗಿ ಮೊದಲನೆಯವನನ್ನೇ ಹೆಚ್ಚು ದೂರುತ್ತವೆ. ಗಿಡಕ್ಕಂತೂ ನೋವಿಲ್ಲ ಎಂದು ನಾನು ಆಯಿಗೆ ಒಮ್ಮೆ ವಾದ ಹೂಡಿದ್ದೆ. ನರವಿಲ್ಲ, ಮಿದುಳಿಲ್ಲ, ನಾವು ತಿಳಿದಿರುವ ಅರ್ಥದಲ್ಲಿ ಅದು ಬಾಧೆಪಡುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಜೈನರು ಗಿಡಮರಗಳನ್ನು ಸ್ಪರ್ಶವೊಂದನ್ನೇ ಉಳ್ಳ ಏಕೇಂದ್ರಿಯ ಜೀವಗಳೆಂದು ಎಣಿಸಿ ಅಹಿಂಸೆಯ ಲೆಕ್ಕಕ್ಕೆ ಸೇರಿಸಿದ್ದಾರೆ, ಆ ಸೂಕ್ಷ್ಮಕ್ಕೆ ಕೈಮುಗಿಯುತ್ತೇನೆ. ಆದರೆ ನನ್ನ ಕಿರಿಕಿರಿ ಗಿಡದ ನೋವಿನದಾಗಿರಲಿಲ್ಲ. ಅದಕ್ಕೆ ಏನೂ ಅನಿಸಿರಲಿಕ್ಕಿಲ್ಲ ಎಂದು ಸಾಬೀತಾದರೂ ನನ್ನ ಕಿರಿಕಿರಿ ಹೋಗುತ್ತಿರಲಿಲ್ಲ. ಹಾಗಾದರೆ ಅದು ಯಾವುದರ ಮೇಲೆ ನಿಂತಿದೆ?

ಕುಂಡದ ಮೇಲೆ, ಎಂದು ಈಗ ನನಗೆ ತೋರುತ್ತದೆ. ಬೆಟ್ಟದ ನೆತ್ತಿಯ ಮರವನ್ನು ಸಾಕಿದ ಕೈ ಯಾವುದೆಂದು ಕನಕದಾಸರು ಕೇಳಿದ್ದು ನಮಗೆಲ್ಲ ಗೊತ್ತು. ನೆಲದ ಮರದ ವಿಷಯದಲ್ಲಿ ಅದು ವಿಸ್ಮಯದ ಪ್ರಶ್ನೆ. ಬಾಲ್ಕನಿಯಲ್ಲಿ ನಿಂತು ಅದನ್ನೇ ಕೇಳಿಕೊಂಡರೆ ವಿಸ್ಮಯಕ್ಕೆ ಜಾಗವಿಲ್ಲ, ಉತ್ತರ ಗುತ್ತಿಗೆ ಪತ್ರದಷ್ಟು ನೇರ. ನೆಲದಲ್ಲಿರುವ ಪಾಮ್‌ನ ಬೇರು ಬುಡದ ಸುತ್ತ ನೂರಾರು ಎಳೆಯಾಗಿ ಹೊರಟು ತನ್ನ ನೀರನ್ನು ತಾನು ಹುಡುಕಿಕೊಳ್ಳುತ್ತದೆ. ಹತ್ತಂಗುಲದ ಕುಂಡದಲ್ಲಿ ಆ ಬೇರು ಗೋಡೆಗೆ ಮುಟ್ಟಿ, ತಿರುಗಿ, ತನ್ನನ್ನೇ ಸುತ್ತಿಕೊಳ್ಳುತ್ತದೆ. ಹುಡುಕುವ ಶಕ್ತಿ ಹಾಗೇ ಇದೆ, ಹುಡುಕಲು ಏನೂ ಇಲ್ಲ. ಆ ಶಕ್ತಿಯನ್ನು ನಿರರ್ಥಕ ಮಾಡಿದವನು ನಾನು. ಆದ್ದರಿಂದ ನೀರು ಹಾಕುವುದು ನನ್ನ ದಯೆಯಲ್ಲ. ಅದರಿಂದ ಕಿತ್ತುಕೊಂಡದ್ದನ್ನು ಕಂತಿನಲ್ಲಿ ಮರಳಿ ಕೊಡುತ್ತಿದ್ದೇನೆ, ಅಷ್ಟೆ. ಕಂತು ತಪ್ಪಿಸಿದರೆ ಅದು ‘ಏನೂ ಮಾಡದೆ ಇರುವುದು’ ಆಗುವುದಿಲ್ಲ. ಕುಂಡದೊಳಗೆ ಇಟ್ಟ ದಿನವೇ ಮಾಡಿಯಾಗಿದೆ.

ಇದಕ್ಕೆ ಪ್ರತಿಯಾಗಿ ನಾವು ಒಂದು ಉಪಯೋಗದ ಕತೆ ಹೇಳಿಕೊಳ್ಳುತ್ತೇವೆ. ಪಾಮ್ ಗಾಳಿ ಶುದ್ಧ ಮಾಡುತ್ತದೆ, ಹಾಗಾಗಿ ಮನೆಯಲ್ಲಿರಬೇಕು. ನರ್ಸರಿಯ ಚೀಟಿಯಲ್ಲಿ, ಆಫೀಸಿನ ಲಾಬಿಯಲ್ಲಿ, ವಾಟ್ಸಾಪಿನಲ್ಲಿ ಎಲ್ಲ ಕಡೆಯೂ ಇದೇ. ಮೂಲ 1989ರ ನಾಸಾ ವರದಿ. ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ಬಿದಿರು ಪಾಮ್ ಮೊದಲಾದ ಗಿಡಗಳನ್ನಿಟ್ಟು ಮಾಡಿದ ಪ್ರಯೋಗ ಅದು. ನಮ್ಮ ಮನೆ ಮುಚ್ಚಿದ ಪೆಟ್ಟಿಗೆಯಲ್ಲ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇಂಥ ಪ್ರಯೋಗಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿ ನೋಡಿದರು. ಸಾಮಾನ್ಯ ಗಾಳಿಯಾಟ ಮಾಡುವಷ್ಟು ಕೆಲಸವನ್ನು ಗಿಡಗಳೇ ಮಾಡಬೇಕೆಂದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡ ಬೇಕಾಗುತ್ತದೆ ಎಂದರು. ನನ್ನ ಹಾಲಿನಲ್ಲಿ ಅಷ್ಟು ಇಟ್ಟರೆ ನಾನು ಕಾರಿಡಾರಿನಲ್ಲಿ ಮಲಗಬೇಕು. ಓದಿದಾಗ ಬೇಸರವಾಗಬೇಕಿತ್ತು, ಹಗುರವಾಯಿತು. ಗಿಡ ನನಗೆ ಏನೂ ಮಾಡಿಕೊಡುತ್ತಿಲ್ಲ ಎಂದಾದರೆ ನಮ್ಮಿಬ್ಬರ ನಡುವೆ ಕೊಟ್ಟು ತೆಗೆದುಕೊಳ್ಳುವ ವ್ಯಾಪಾರ ಇಲ್ಲ. ನನಗೆ ಹಸಿರು ಬೇಕಿತ್ತು, ಅದನ್ನು ತಂದೆ.

ಹೈದರಾಬಾದಿನ ಪಾಪಕ್ಕೆ ಪುಣೆಯಲ್ಲಿ ನಾನು ಮಾಡಿದ ಪ್ರಾಯಶ್ಚಿತ್ತ ಇನ್ನೂ ಕೆಟ್ಟದ್ದು. ವಿಪರೀತ ನೀರು ಹಾಕಿದೆ. ಪಾಮ್ ಸಾಕುವವರು ಮೊದಲು ಕಲಿಯಬೇಕಾದದ್ದು, ನಾನು ಕಡೆಗೆ ಕಲಿತದ್ದು ಇದು: ನೀರು ನಿಂತು ಬೇರು ಕೊಳೆತ ಗಿಡವೂ ಬಾಯಾರಿದ ಗಿಡದಂತೆಯೇ ಕಾಣುತ್ತದೆ. ಗರಿ ಬಾಡುತ್ತದೆ, ಹಳದಿಯಾಗುತ್ತದೆ. ಕಂಡವನು ಕರುಣೆಯಿಂದ ಇನ್ನೊಂದು ಚೊಂಬು ಸುರಿಯುತ್ತಾನೆ. ಮಣ್ಣಿನೊಳಗೆ ಎರಡು ಗೆಣ್ಣು ಬೆರಳಿಟ್ಟು ನೋಡಿದ್ದರೆ ಸಾಕಿತ್ತು; ನೋಡಲಿಲ್ಲ, ಏಕೆಂದರೆ ನೀರು ಹಾಕಿದಾಗ ನನಗೆ ಸಮಾಧಾನವಾಗುತ್ತಿತ್ತು. ಭಾನುವಾರ ಕತ್ತರಿ ಹಿಡಿದು ಕೂರುವುದೂ ಹೀಗೆಯೇ. ನಗರದ ಗಡಸು ನೀರಿನ ಉಪ್ಪಿಗೋ ಒಣ ಗಾಳಿಗೋ ಗರಿಯ ತುದಿ ಕಂದಾಗುತ್ತದೆ. ಕತ್ತರಿಸಿದರೆ ಗಿಡಕ್ಕೆ ಲಾಭವಿಲ್ಲ, ಮನೆಗೆ ಬಂದವರ ಕಣ್ಣಿಗೆ ಲಾಭ. ತುದಿಯಾದರೂ ಹೋಗಲಿ. ಕೆಳಗಿನ ಹಳೆಯ ಗರಿ ಹಳದಿಯಾಗತೊಡಗಿದರೆ ಅದನ್ನೂ ಬುಡಸಹಿತ ಕತ್ತರಿಸುತ್ತಿದ್ದೆ, ಅಸಹ್ಯ ಎಂದು. ಪೊಟ್ಯಾಷ್ ಸಾಲದಾದಾಗ ಪಾಮ್ ತನ್ನ ಹಳೆಯ ಗರಿಯಿಂದ ಅದನ್ನು ಹಿಂದಕ್ಕೆ ಎಳೆದು ಹೊಸ ಸುಳಿಗೆ ಕಳಿಸುತ್ತದೆ. ಆ ಹಳದಿ ಎಂದರೆ ಸಾಗಣೆ ನಡೆದಿದೆ ಎಂದರ್ಥ. ಪೂರ್ತಿ ಒಣಗುವ ಮೊದಲೇ ಕತ್ತರಿಸಿದರೆ ಕೊರತೆ ಮೇಲಿನ ಗರಿಗೆ ಏರುತ್ತದೆ. ನಮ್ಮ ತೋಟದಲ್ಲಿ ಸೋಗೆ ತಾನಾಗಿ ಕಳಚಿ ಬೀಳುವವರೆಗೆ ಯಾರೂ ಎಳೆಯುತ್ತಿರಲಿಲ್ಲ. ಕಾರಣ ಕೇಳಿದರೆ ಅಪ್ಪಯ್ಯ ಪೊಟ್ಯಾಷಿನ ಹೆಸರು ಹೇಳುತ್ತಿರಲಿಲ್ಲ, ‘ಅದಕ್ಕೆ ಗೊತ್ತಿದ್ದು’ ಎನ್ನುತ್ತಿದ್ದ.

ಇನ್ನೊಂದು ಘನಕಾರ್ಯವನ್ನೂ ಮಾಡಿದೆ. ಕುಂಡವೇ ತಪ್ಪು ಎಂದ ಮೇಲೆ ಬಿಡುಗಡೆ ಮಾಡಿದರಾಯಿತು ಎಂದುಕೊಂಡು, ನನ್ನ ಎರಡು ಅರೆಕಾಗಳಲ್ಲಿ ದೊಡ್ಡದನ್ನು ಸೊಸೈಟಿಯ ಕಾಂಪೌಂಡಿನಲ್ಲಿ ನೆಟ್ಟೆ. ಮಾರ್ಚ್ ತಿಂಗಳು, ಪಶ್ಚಿಮದ ಗೋಡೆ. ಅಡಕೆ ತೋಟದಲ್ಲಿ ಹುಟ್ಟಿ ಬೆಳೆದವನು ಮಾಡಬಾರದ ಕೆಲಸ. ಎಳೆ ಅಡಕೆಗೆ ನೆರಳಾಗಲೆಂದೇ ನಾವು ಮಧ್ಯೆ ಬಾಳೆ ಇಡುವುದು. ತೋಟದ ಅಂಚಿನ ಮರಗಳ ಕಾಂಡ ಸಂಜೆ ಬಿಸಿಲಿಗೆ ಸುಡದಿರಲೆಂದು ಸೋಗೆಯನ್ನೋ ಹಾಳೆಯನ್ನೋ ಕಟ್ಟುವುದು. ಪಾಮ್ ಜಾತಿಯ ಕಾಂಡಕ್ಕೆ ಒಮ್ಮೆ ಗಾಯವಾದರೆ ಮಾವು ಹಲಸಿನ ಹಾಗೆ ತೊಗಟೆ ಬೆಳೆದು ಮುಚ್ಚಿಕೊಳ್ಳುವುದಿಲ್ಲ, ಆ ಕಲೆ ಕೊನೆಯವರೆಗೂ ಇರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ‘ಬಿಡುಗಡೆ’ ಎಂಬ ಪದದ ಹುಮ್ಮಸ್ಸಿನಲ್ಲಿ ಮರೆತೆ. ಮನೆಯೊಳಗಿನ ನೆರಳಿನಲ್ಲಿ ಮೂಡಿದ ಗರಿಗಳು ಹತ್ತು ದಿನದಲ್ಲಿ ಸುಟ್ಟ ಹಪ್ಪಳವಾದವು. ಸೊಸೈಟಿಯ ಮಾಲಿ ಬೈದುಕೊಳ್ಳುತ್ತ ನಾಲ್ಕು ಕೋಲು ನೆಟ್ಟು ಹಳೆಯ ಸೀರೆಯೊಂದನ್ನು ಮರೆ ಕಟ್ಟಿದ. ಸುಳಿ ಉಳಿದಿತ್ತು. ಪಾಮ್ ಬದುಕುವುದೂ ಸಾಯುವುದೂ ಕಾಂಡಕ್ಕೊಂದರಂತೆ ಇರುವ ಆ ಒಂದೇ ಸುಳಿಯಲ್ಲಿ. ಮಳೆಗಾಲಕ್ಕೆ ಬಂದ ಹೊಸ ಗರಿ ಬಿಸಿಲಿನಲ್ಲೇ ಹುಟ್ಟಿದ್ದು, ಅದಕ್ಕೆ ಬಿಸಿಲು ಏನೂ ಮಾಡಲಿಲ್ಲ. ಈಗ ಅದು ಎರಡನೆಯ ಮಹಡಿಯ ಕಿಟಕಿ ಮುಟ್ಟುವ ಅಂದಾಜಿನಲ್ಲಿದೆ. ಅದು ನನ್ನದಲ್ಲ. ಬದುಕಿಸಿದವನು ಮಾಲಿ.

ಉಳಿದ ನಾಲ್ಕಕ್ಕೆ ಬರೋಣ.

ಮನೆಗೆಲಸಕ್ಕೆ ಬರುವ ತಾಯಿಯನ್ನು ಮೊದಲು ಕೇಳಿದೆ, ಒಯ್ಯುತ್ತೀರಾ ಎಂದು. ಅವರು ಗಿಡಗಳನ್ನು ನೋಡಿ, ‘ನಮ್ಮ ಖೋಲಿಗೆ ಬಿಸಿಲೇ ಬರೋದಿಲ್ಲ ದಾದಾ, ನೀರು ಬೆಳಿಗ್ಗೆ ಒಂದು ತಾಸು. ಗಿಡ ಬೇಡ. ಆ ಕುಂಡ ಖಾಲಿಯಾದರೆ ಕೊಡಿ’ ಎಂದರು. ನೀಲಿ ಪಿಂಗಾಣಿಯ ದೊಡ್ಡ ಕುಂಡವನ್ನು ತೋರಿಸಿದರು. ನನಗೆ ನಾಚಿಕೆಯಾಯಿತು. ಹೈದರಾಬಾದಿನ ವಾಚ್‌ಮನ್ ಹೀಗೆ ಬೇಡ ಎನ್ನಬಹುದಾಗಿತ್ತೇ? ಐನೂರರ ನೋಟು ಹಿಡಿದು ಸಾಹೇಬರು ನಿಂತಾಗ ಯಾರು ಬೇಡ ಎನ್ನುತ್ತಾರೆ? ನಾನು ಗಿಡವನ್ನು ಅವನಿಗೆ ಕೊಟ್ಟಿರಲಿಲ್ಲ, ನನ್ನ ಸಾಲವನ್ನು ಅವನ ತಲೆಗೆ ದಾಟಿಸಿ ಹಗುರಾಗಿದ್ದೆ. ಗಿಡ ಸತ್ತದ್ದಕ್ಕಿಂತ ಇದು ದೊಡ್ಡ ತಪ್ಪು ಎಂದು ಈಗ ಅನಿಸುತ್ತದೆ. ಅವನ ಹೆಸರೂ ನೆನಪಿಲ್ಲ; ಗಿಡದ ಸಸ್ಯಶಾಸ್ತ್ರದ ಹೆಸರು ನೆನಪಿದೆ.

ಈ ಸಲ ಕೊಡುವ ಮೊದಲು ಅವರವರ ಬೆಳಕು ನೋಡಿದೆ. ಕುಳ್ಳ ಖರ್ಜೂರದ ಪಾಮ್ ನಮ್ಮ ಈಚಲಿನ ಕುಲದ್ದು. ಬಿಸಿಲು ಬೇಕು, ಗರಿಯ ಬುಡದಲ್ಲಿ ಸೂಜಿಯಂಥ ಮುಳ್ಳು. ಅದು ಮೇಲಿನ ಮಹಡಿಯ ನಿವೃತ್ತ ಅಜ್ಜಿಯ ತೆರೆದ ತಾರಸಿಗೆ ಹೋಯಿತು. ಮೊಮ್ಮಕ್ಕಳು ಬಂದಾಗ ಮೂಲೆಗೆ ಸರಿಸಿ ಎಂದು ಎರಡು ಸಲ ಹೇಳಿದೆ. ಪಾರ್ಲರ್ ಪಾಮ್ ಮೆಕ್ಸಿಕೊ, ಗ್ವಾಟೆಮಾಲಾ ಕಾಡಿನ ದೊಡ್ಡ ಮರಗಳಡಿಯ ಜೀವ, ಕಡಿಮೆ ಬೆಳಕಿನಲ್ಲೂ ತಾಳಿಕೊಳ್ಳುತ್ತದೆ. ಅದನ್ನು ಇಲ್ಲಿ ಓದುತ್ತಿರುವ ಧಾರವಾಡದ ಹುಡುಗನೊಬ್ಬನ ಪಿಜಿ ಕೋಣೆಗೆ ಕೊಟ್ಟೆ. ಉತ್ತರದ ಒಂದೇ ಕಿಟಕಿ. ‘ಎಷ್ಟ್ ನೀರ್ ಹಾಕ್ಬೇಕ್ರಿ ಸರ?’ ಎಂದ. ಬೆರಳು ಇಟ್ಟು ನೋಡು, ಮೇಲಿನ ಮಣ್ಣು ಒಣಗಿದ್ದರೆ ಮಾತ್ರ, ಎಂದೆ. ‘ಮತ್ತ ನಾ ಎರಡ್ ವರ್ಷಕ್ಕ ಹೋಗ್ತೀನಲ್ರಿ, ಆವಾಗ?’ ಎಂದು ಅವನೇ ಕೇಳಿದ. ಆ ಪ್ರಶ್ನೆ ಕೇಳಿದ್ದರಿಂದಲೇ ಅವನಿಗೆ ಕೊಟ್ಟೆ. ಉತ್ತರ ನನ್ನ ಬಳಿ ಇರಲಿಲ್ಲ.

ಲೇಡಿ ಪಾಮ್, ಎಂದರೆ ರಾಪಿಸ್, ನನ್ನ ಜೊತೆ ಬರುವುದೆಂದಾಯಿತು. ದಿಲ್ಲಿಯ ಚಳಿಗೆ ಈ ನಾಲ್ಕರಲ್ಲಿ ಅದೇ ಗಟ್ಟಿ. ಚೀನಾ, ಜಪಾನುಗಳಲ್ಲಿ ಶತಮಾನಗಳಿಂದ ಕುಂಡದಲ್ಲೇ ಬೆಳೆದು ಬಂದ ಜಾತಿ, ನಿಧಾನ ಬೆಳವಣಿಗೆ, ಎರಡಡಿ ಎತ್ತರ. ಗರಿಗಳನ್ನು ಸಡಿಲವಾಗಿ ಹತ್ತಿಯ ದಾರದಲ್ಲಿ ಕಟ್ಟಿ ರೈಲಿನ ಕೆಳಗಿನ ಬರ್ತಿನ ಪಕ್ಕ ಇಟ್ಟುಕೊಳ್ಳಬಹುದು.

ಉಳಿದದ್ದು ನೀಲಿ ಕುಂಡದ ಸಣ್ಣ ಅರೆಕಾ. ಅದಕ್ಕೆ ಹಿಟ್ಟು ತಿಗಣೆ ಹತ್ತಿ ಎಂಟು ತಿಂಗಳಾಗಿತ್ತು. ಸಾಬೂನು ನೀರು, ಬೇವಿನ ಎಣ್ಣೆ ಎಲ್ಲ ಆಯಿತು. ಗರಿಯ ಸಂದಿಯಲ್ಲಿ, ಬೇರಿನಲ್ಲಿ ಬಿಳಿ ಹಿಟ್ಟು ಮತ್ತೆ ಮತ್ತೆ ಬಂತು. ಯಾರಿಗಾದರೂ ಕೊಟ್ಟರೆ ಅವರ ಗಿಡಗಳಿಗೂ ಹತ್ತುತ್ತದೆ. ಕಾಂಪೌಂಡಿನಲ್ಲಿ ನೆಟ್ಟರೆ ಮಾಲಿ ಬದುಕಿಸಿದ್ದಕ್ಕೇ ಮೊದಲು ಹತ್ತುತ್ತದೆ. ಬಾಲ್ಕನಿಯಲ್ಲಿ ಬಿಟ್ಟುಹೋಗುವುದು ಎಲ್ಲಕ್ಕಿಂತ ಸುಲಭ. ಮುಂದೆ ಬರುವವರು ಒಳ್ಳೆಯವರಾಗಿದ್ದರೆ ನೋಡಿಕೊಂಡಾರು ಎಂದು ಮನಸ್ಸು ಹೇಳುತ್ತಿತ್ತು, ಹೈದರಾಬಾದಿನಲ್ಲಿ ಹೇಳಿದ್ದ ಅದೇ ದನಿಯಲ್ಲಿ.

ಆಯಿಯ ಮಾತಿನ ಬಗ್ಗೆ ನನಗಿರುವ ಅನುಮಾನ ಪೂರ್ತಿ ಹೋಗಿಲ್ಲ. ಬೆಳೆಸಿದವನಿಗೆ ಕಡಿಯುವ ಹಕ್ಕಿದೆ ಎನ್ನುವುದನ್ನು ಮನುಷ್ಯರ ಕಡೆಗೆ ತಿರುಗಿಸಿದರೆ ಭಯವಾಗುತ್ತದೆ. ಎಷ್ಟು ಮನೆಗಳಲ್ಲಿ ಅಪ್ಪಂದಿರು ಅದನ್ನೇ ಆಡಿದ್ದಾರೆ. ಇದನ್ನು ಅವಳಿಗೆ ಹೇಳಿದಾಗ, ಮನುಷ್ಯರಿಗೆ ಬಾಯಿದೆ, ಕೇಳಿದರೆ ಹೇಳುತ್ತಾರೆ, ಆ ಮಾತು ಅವರಿಗಲ್ಲ ಎಂದಿದ್ದಳು. ಕಡಿದುಬಿಡುವುದು ಕೂಡ ಒಂದು ರೀತಿಯ ಕೈತೊಳೆದುಕೊಳ್ಳುವಿಕೆಯೇ ಎಂಬ ಅನುಮಾನವೂ ಇದೆ. ಆದರೆ ಕಡಿಯಲು ಹೋದವನು ಗಿಡದ ಮುಂದೆ ನಿಲ್ಲಬೇಕಾಗುತ್ತದೆ. ಅದು ಏಕೆ ಉಳಿಯುವುದಿಲ್ಲ ಎಂದು ತನಗೆ ತಾನೇ ಒಂದು ಸಲವಾದರೂ ಹೇಳಿಕೊಳ್ಳಬೇಕಾಗುತ್ತದೆ. ಹೈದರಾಬಾದಿನಲ್ಲಿ ನಾನು ರೈಲಿನಲ್ಲಿ ಕೂತು ಸಿನಿಮಾ ನೋಡುತ್ತಿದ್ದೆ.

ಹೊರಡುವ ಹಿಂದಿನ ಶನಿವಾರ ಬೆಳಿಗ್ಗೆ ಅದನ್ನು ಕುಂಡದಿಂದ ಎಳೆದೆ. ಬೇರು ಕುಂಡದ ಆಕಾರದಲ್ಲೇ ಗಟ್ಟಿಯಾಗಿ ಬಂತು, ಹೊರಮೈಯೆಲ್ಲ ಸುತ್ತು ಹಾಕಿಕೊಂಡ ಬೇರು. ಮಾಲಿಯ ಹತ್ತಿರ ಕೊಯ್ತಾ ಇಸಕೊಂಡು ಏಳು ಕಾಂಡಗಳನ್ನೂ ಒಂದೊಂದಾಗಿ ಕಡಿದೆ. ಐದು ನಿಮಿಷವೂ ಹಿಡಿಯಲಿಲ್ಲ. ಒಳಗೆ ಎಳೆ ಸುಳಿ ಬೆಳ್ಳಗೆ, ಅಡಕೆಯದ್ದರ ಹಾಗೆಯೇ ಇತ್ತು. ಎಲ್ಲವನ್ನೂ ಚೀಲದಲ್ಲಿ ಕಟ್ಟಿ, ತಿಗಣೆ ಹರಡದಿರಲೆಂದು ಗೊಬ್ಬರದ ಗುಂಡಿಗೆ ಹಾಕದೆ ಕಸದ ಗಾಡಿಗೆ ಕೊಟ್ಟೆ. ಮಧ್ಯಾಹ್ನ ಆಯಿಗೆ ಫೋನ್ ಮಾಡಿ, ಕಡಿದೆ ಎಂದೆ.

‘ಕುಂಡ ತೊಳದ್ಯ?’ ಎಂದು ಕೇಳಿದಳು.

ತೊಳೆದಿರಲಿಲ್ಲ. ಬಿಸಿನೀರು ಕಾಯಿಸಿ, ಸಾಬೂನು ಹಾಕಿ, ಒಳಗಿನ ಅಂಚನ್ನು ಹಳೆಯ ಬ್ರಷ್ಷಿನಿಂದ ತಿಕ್ಕಿ ಬಾಲ್ಕನಿಯ ಬಿಸಿಲಿಗೆ ಬೋರಲು ಹಾಕಿದೆ. ಸೋಮವಾರ ಕೆಲಸಕ್ಕೆ ಬಂದವರು ಅದನ್ನು ಎತ್ತಿ ಬೆಳಕಿಗೆ ಹಿಡಿದು, ಬಿರುಕಿದೆಯೇ ಎಂದು ಬೆರಳಿನಿಂದ ಬಡಿದು ನೋಡಿ, ಚೀಲದೊಳಗೆ ಇಟ್ಟುಕೊಂಡರು. ಏನು ಹಾಕುತ್ತೀರಿ ಎಂದು ಕೇಳಿದೆ. ಬಾಗಿಲ ಹೊರಗೆ ಇಡಬೇಕು, ಅಲ್ಲಿ ಸ್ವಲ್ಪ ಬೆಳಕಿದೆ, ತುಳಸಿ ಬರುತ್ತದೋ ನೋಡಬೇಕು, ಎಂದರು.